ಸಹಾಯವಾಣಿಯಿಂದ ಯುಎಕ್ಸ್ ವಿನ್ಯಾಸಕ್ಕೆ: ನನ್ನ ಅನುಭವ

ಯುಎಕ್ಸ್ (ಬಳಕೆದಾರರ ಅನುಭವದ) ಡಿಸೈನರ್ ಆಗಬೇಕೆಂದಿರುವ ಕಿರಿಯರು ನನ್ನನ್ನು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಆಮೇಲೆ ಕೇಳುವುದು ಚಿತ್ರ ಬಿಡಿಸಲು ಬಾರದವರಿಗೂ ಈ ಕೆಲಸ ಸಿಗುತ್ತದೆಯೇ ಎಂದು. ಚಿತ್ರ ಬಿಡಿಸಲು ನನಗೂ ಬಾರದು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿಗೆ ಬಂದು, ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾರುತ್ತಿದ್ದ ಸಣ್ಣ ಕಂಪನಿಯೊಂದರ ಸಹಾಯವಾಣಿಯಲ್ಲಿ ಕೆಲಸಕ್ಕೆ ಸೇರಿದೆ. ಕನ್ನಡದಲ್ಲಿ ತಾಳ್ಮೆಯಿಂದ ಮಾತನಾಡಬಲ್ಲೆ ಎಂಬುದೇ ಅಲ್ಲಿ ನನಗಿದ್ದ ಮುಖ್ಯ ಅರ್ಹತೆಯಾಗಿತ್ತು. ಫಿಗ್ಮಾ ಎಂಬ ವಿನ್ಯಾಸದ ಸಾಧನವನ್ನು ನಾನು ಕಲಿತದ್ದು ಬಹಳ ತಡವಾಗಿ. ಅದಕ್ಕೆ ಮೊದಲೇ ಪಿಗ್ಮಿ ಎಂಬ ದಿನವಹಿ ಠೇವಣಿಯನ್ನು ಸಂಗ್ರಹಿಸುವವರ ದಿನಚರಿ ನನಗೆ ಬಾಯಿಪಾಠವಾಗಿತ್ತು, ಮತ್ತು ನನಗೆ ವಿನ್ಯಾಸಕರ ಹುದ್ದೆಯನ್ನು ಕೊಡಿಸಿದ್ದು ಆ ಬಾಯಿಪಾಠವೇ. ಯಾವುದಾದರೊಂದು ವರ್ಗದ ಜನರ ಕೆಲಸವನ್ನು ಹತ್ತಿರದಿಂದ ಬಲ್ಲವರು ಈ ವೃತ್ತಿಯ ಅರ್ಧ ದಾರಿಯನ್ನು ಆಗಲೇ ಕ್ರಮಿಸಿರುತ್ತಾರೆ ಎಂದು ನಾನು ನಂಬುವುದಕ್ಕೆ ಕಾರಣ ಅದೇ.

ಹುದ್ದೆಯ ಹೆಸರು ಅಷ್ಟೇನೂ ಹಳೆಯದಲ್ಲ. ಡೊನಾಲ್ಡ್ ನಾರ್ಮನ್ ಎಂಬ ಅರಿವಿನ ವಿಜ್ಞಾನಿ 1993ರಲ್ಲಿ ಆ್ಯಪಲ್ ಕಂಪನಿಯನ್ನು ಸೇರಿದಾಗ ತಮ್ಮ ಹುದ್ದೆಯನ್ನು ‘ಯೂಸರ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್’ ಎಂದು ಕರೆದುಕೊಂಡರು. ಅಲ್ಲಿಂದ ಮುಂದೆ ಈ ಮಾತು ಉದ್ಯಮದಲ್ಲಿ ಬಳಕೆಗೆ ಬಂತು. ಪರದೆಯ ಮೇಲೆ ಕಾಣುವ ಬಣ್ಣ, ಅಕ್ಷರ ಮತ್ತು ಗುಂಡಿಗಳ ಜೋಡಣೆ ಯುಐ (ಯೂಸರ್ ಇಂಟರ್ಫೇಸ್) ಆದರೆ, ಒಬ್ಬರು ತಮ್ಮ ಕೆಲಸವೊಂದನ್ನು ಆರಂಭಿಸಿದಲ್ಲಿಂದ ಅದು ಮುಗಿಯುವ ತನಕ ಏನೇನು ನೋಡುತ್ತಾರೆ, ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬೇರೆಯವರ ಸಹಾಯ ಕೇಳುತ್ತಾರೆ, ಕೊನೆಗೆ ಕೆಲಸ ಆಯಿತೆಂದು ಅವರಿಗೆ ಖಾತರಿಯಾಗುವುದು ಹೇಗೆ ಎಂಬುದೆಲ್ಲವೂ ಯುಎಕ್ಸ್ ವ್ಯಾಪ್ತಿಗೆ ಬರುತ್ತದೆ. ಉದ್ಯೋಗದ ಜಾಹೀರಾತುಗಳಲ್ಲಿ ಎರಡನ್ನೂ ಒಂದೇ ಹುದ್ದೆಯಾಗಿ ಬರೆಯುವ ರೂಢಿಯಿರುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ.

ಪಿಗ್ಮಿಯ ವಿಚಾರಕ್ಕೆ ಬರುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು ಉಡುಪಿಯಲ್ಲಿ 1928ರಲ್ಲಿ ಆರಂಭಿಸಿದ ಈ ದಿನವಹಿ ಠೇವಣಿ ಪದ್ಧತಿಯನ್ನು ಇಂದಿಗೂ ನಮ್ಮ ಪತ್ತಿನ ಸಂಘಗಳು ನಡೆಸಿಕೊಂಡು ಬಂದಿವೆ. ಸಂಗ್ರಾಹಕರು ದಿನವೂ ಅಂಗಡಿ ಅಂಗಡಿಗೆ ಹೋಗಿ ಐವತ್ತು, ನೂರು, ಇನ್ನೂರು ರೂಪಾಯಿ ಪಡೆದು, ಹಿಂದೆ ಚೀಟಿ ಬರೆದು ಕೊಡುತ್ತಿದ್ದರು. ನನ್ನ ಕಾಲಕ್ಕೆ ಮೊಬೈಲ್ ಆ್ಯಪ್‌ನಲ್ಲಿ ಮೊತ್ತ ನಮೂದಿಸಿ, ಸೊಂಟಕ್ಕೆ ಕಟ್ಟಿಕೊಂಡ ಚಿಕ್ಕ ಪ್ರಿಂಟರ್‌ನಿಂದ ರಸೀದಿ ತೆಗೆದುಕೊಡುತ್ತಿದ್ದರು. ಸಂಜೆ ಸಂಘದ ಕಚೇರಿಗೆ ಹಣ ಕಟ್ಟುವಾಗ ಆ್ಯಪ್ ತೋರಿಸುವ ಒಟ್ಟು ಮೊತ್ತವೂ ಕೈಯಲ್ಲಿರುವ ನಗದೂ ತಾಳೆಯಾಗಬೇಕು. ಆಗದಿದ್ದರೆ ವ್ಯತ್ಯಾಸವನ್ನು ಸಂಗ್ರಾಹಕರೇ ಕೈಯಿಂದ ತುಂಬಬೇಕು.

ಸಹಾಯವಾಣಿಗೆ ಬರುವ ಕರೆಗಳು ಸಂಜೆ ಐದರಿಂದ ಏಳರವರೆಗೆ ಏಕಾಏಕಿ ಏರುತ್ತಿದ್ದವು. ಪ್ರತಿ ಕರೆಯನ್ನೂ ನಾವು ‘ಬಳಕೆದಾರರ ತಪ್ಪು’, ‘ತಾಂತ್ರಿಕ ದೋಷ’, ‘ನೆಟ್‌ವರ್ಕ್’ ಎಂಬ ಮೂರು ಖಾನೆಗಳಲ್ಲಿ ಒಂದಕ್ಕೆ ಹಾಕಬೇಕಿತ್ತು. ‘ಒಂದೇ ಖಾತೆಗೆ ಎರಡು ಸಲ ಜಮಾ ಆಗಿದೆ, ಒಂದನ್ನು ಅಳಿಸಿಕೊಡಿ’ ಎಂಬ ದೂರುಗಳೆಲ್ಲ ಮೊದಲನೆಯ ಖಾನೆಗೆ ಹೋಗುತ್ತಿದ್ದವು. ನಾನು ನನ್ನ ಅನುಕೂಲಕ್ಕೆಂದು ಬೇರೊಂದು ಪಟ್ಟಿ ಇಟ್ಟುಕೊಂಡೆ: ಕರೆ ಮಾಡಿದವರು ಹೇಳಿದ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದುಕೊಳ್ಳುವುದು, ಜೊತೆಗೆ ಆ ಎರಡು ನಮೂದುಗಳ ನಡುವಿನ ಅಂತರವನ್ನು ದಾಖಲೆಯಿಂದ ತೆಗೆದು ಗುರುತಿಸುವುದು. ಅಂತರ ಹೆಚ್ಚಿನ ಪ್ರಕರಣಗಳಲ್ಲಿ ಕೆಲವೇ ಸೆಕೆಂಡುಗಳು. ಮಾತುಗಳಲ್ಲಿಯೂ ಒಂದೇ ರಾಗವಿತ್ತು: ‘ಹೋಯ್ತೋ ಇಲ್ವೋ ಗೊತ್ತಾಗ್ಲಿಲ್ಲ, ಅದಕ್ಕೆ ಇನ್ನೊಂದ್ಸಲ ಒತ್ತಿದೆ.’

ರಜೆಗೆ ಊರಿಗೆ ಹೋದಾಗ ಪರಿಚಯದ ಸಂಗ್ರಾಹಕರೊಬ್ಬರ ಒಪ್ಪಿಗೆ ಪಡೆದು ಅವರ ಜೊತೆ ದಾವಣಗೆರೆಯ ತರಕಾರಿ ಮಾರುಕಟ್ಟೆಯನ್ನು ಸುತ್ತಿದೆ. ಎಡಗೈಯಲ್ಲಿ ಹಣದ ಚೀಲ, ಬಲಗೈಯಲ್ಲಿ ಫೋನು. ನಮೂದಿಸುವುದೆಲ್ಲ ಬಲ ಹೆಬ್ಬೆರಳಿನಿಂದಲೇ. ‘ಉಳಿಸಿ’ ಎಂಬ ಗುಂಡಿ ಒತ್ತಿದೊಡನೆ ಪರದೆಯ ತಳದಲ್ಲಿ ಬೂದು ಪಟ್ಟಿಯೊಂದರ ಮೇಲೆ ‘ಯಶಸ್ವಿಯಾಗಿದೆ’ ಎಂಬ ಸಣ್ಣ ಅಕ್ಷರಗಳು ಮೂಡಿ, ಎರಡು ಸೆಕೆಂಡಿನಲ್ಲಿ ಮಾಯವಾಗುತ್ತಿದ್ದವು. ತಂತ್ರಜ್ಞರು ಅದನ್ನು ಟೋಸ್ಟ್ ಎನ್ನುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಬೂದು ಪಟ್ಟಿ ಕಾಣುವುದೇ ಕಷ್ಟ. ಕಂಡರೂ, ಗುಂಡಿ ಒತ್ತಿದ ಹೆಬ್ಬೆರಳು ಅದೇ ಜಾಗವನ್ನು ಮುಚ್ಚಿರುತ್ತಿತ್ತು. ಅಷ್ಟರಲ್ಲಿ ಅಂಗಡಿಯವರು ಚಿಲ್ಲರೆಗಾಗಿ ಮಾತಿಗೆಳೆದರೆ ಸಂಗ್ರಾಹಕರ ಕಣ್ಣು ಫೋನಿನಿಂದ ಆಚೆಗೆ ಹೋಗಿರುತ್ತಿತ್ತು. ತಿರುಗಿ ನೋಡಿದಾಗ ಪರದೆಯ ಮೇಲೆ ಮೊತ್ತವೂ ಇದ್ದಹಾಗೇ ಇರುತ್ತಿತ್ತು, ‘ಉಳಿಸಿ’ ಗುಂಡಿಯೂ ಹಸಿರಾಗಿಯೇ ಇರುತ್ತಿತ್ತು. ಹಾಗಿರುವಾಗ ಇನ್ನೊಮ್ಮೆ ಒತ್ತಿದವರನ್ನು ತಪ್ಪಿತಸ್ಥರೆಂದು ಬರೆಯುವುದು ನ್ಯಾಯವಲ್ಲ ಎಂದು ನನಗೆ ಅಲ್ಲಿಯೇ ಸ್ಪಷ್ಟವಾಯಿತು.

ಪರಿಹಾರವೇನೆಂದು ಎಂಜಿನಿಯರುಗಳೊಂದಿಗೆ ಚರ್ಚಿಸಿದಾಗ ಮೊದಲು ಬಂದ ಸಲಹೆ, ಒಂದು ಖಾತೆಗೆ ದಿನಕ್ಕೆ ಒಂದೇ ಜಮಾ ಎಂದು ನಿರ್ಬಂಧಿಸುವುದು. ಅದು ನಡೆಯದು ಎಂದು ನಾನು ಹೇಳಬಲ್ಲವನಾಗಿದ್ದೆ. ಏಕೆಂದರೆ ನಿನ್ನೆ ಅಂಗಡಿ ಮುಚ್ಚಿದ್ದವರು ಇಂದು ಬೆಳಿಗ್ಗೆ ಒಂದು, ಸಂಜೆ ವ್ಯಾಪಾರವಾದ ಮೇಲೆ ಇನ್ನೊಂದು ಎಂದು ಕಟ್ಟುವುದು ಮಾಮೂಲು. ಕೊನೆಗೆ ಒಪ್ಪಿತವಾದದ್ದು ಹೀಗೆ: ಗುಂಡಿ ಒತ್ತಿದೊಡನೆ ನಮೂದಿನ ಪರದೆ ಹೋಗಿ ರಸೀದಿಯ ಪರದೆ ಬರುತ್ತದೆ, ಅದರಲ್ಲಿ ಖಾತೆದಾರರ ಹೆಸರು ಮತ್ತು ಮೊತ್ತ ದೊಡ್ಡ ಅಂಕಿಗಳಲ್ಲಿರುತ್ತವೆ, ಸಂಗ್ರಾಹಕರು ‘ಮುಂದಿನ ಖಾತೆ’ ಎಂದು ಒತ್ತುವವರೆಗೆ ಅದು ಅಲ್ಲಿಯೇ ನಿಲ್ಲುತ್ತದೆ. ಅದೇ ದಿನ ಅದೇ ಖಾತೆಯನ್ನು ಮತ್ತೆ ತೆರೆದರೆ, ‘ಇಂದು ಈ ಖಾತೆಗೆ ₹100 ಈಗಾಗಲೇ ಜಮಾ ಆಗಿದೆ. ಮತ್ತೆ ಜಮಾ ಮಾಡಬೇಕೇ?’ ಎಂದು ಕೇಳುತ್ತದೆ. ಎಂಜಿನಿಯರುಗಳು ತಮ್ಮ ಕಡೆಯಿಂದ ಪ್ರತಿ ನಮೂದಿಗೂ ಒಂದು ವಿಶಿಷ್ಟ ಸಂಖ್ಯೆ ಸೇರಿಸಿ, ನೆಟ್‌ವರ್ಕ್ ತಡವಾಗಿ ಅದೇ ಕೋರಿಕೆ ಎರಡು ಸಲ ಸರ್ವರ್ ತಲುಪಿದರೂ ಒಮ್ಮೆ ಮಾತ್ರ ದಾಖಲಾಗುವಂತೆ ಮಾಡಿದರು. ಹೊಸ ಆವೃತ್ತಿ ಬಂದ ಮೇಲೆ ಸಂಜೆಯ ಕರೆಗಳು ಕಣ್ಣಿಗೆ ಕಾಣುವಷ್ಟು ಇಳಿದವು. ನಾನು ಆ ಪರದೆಗಳನ್ನು ಬಿಡಿಸಿದ್ದು ರೂಲು ಎಳೆದ ನೋಟ್‌ಬುಕ್ಕಿನಲ್ಲಿ, ಬಾಲ್‌ಪೆನ್ನಿನಿಂದ.

ನಾನು ಮಾಡಿದ್ದಕ್ಕೆ ಒಂದು ವೃತ್ತಿಯ ಹೆಸರಿದೆ, ಅದಕ್ಕೊಂದು ಶಾಸ್ತ್ರವಿದೆ ಎಂದು ತಿಳಿದದ್ದು ಆನಂತರ. ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಈಗಿನ ರೂಪಕ್ಕೆ ತಂದ ಹತ್ತು ಸೂತ್ರಗಳಲ್ಲಿ ಮೊದಲನೆಯದೇ, ವ್ಯವಸ್ಥೆಯೊಳಗೆ ಏನು ನಡೆಯುತ್ತಿದೆ ಎಂಬುದು ಬಳಸುವವರಿಗೆ ಸದಾ ತಿಳಿಯುತ್ತಿರಬೇಕು ಎನ್ನುವುದು. ಸಹಾಯವಾಣಿಯ ನನ್ನ ಪಟ್ಟಿಯನ್ನು ಆ ಹತ್ತು ಸೂತ್ರಗಳ ಕೆಳಗೆ ಮತ್ತೆ ವಿಂಗಡಿಸಿದಾಗ ಬಹುಪಾಲು ದೂರುಗಳು ಒಂದಲ್ಲ ಒಂದರ ಕೆಳಗೆ ಕುಳಿತವು. ಹೊಸದಾಗಿ ಕಲಿಯುವವರಿಗೆ ನಾನು ಇಂದಿಗೂ ಹೇಳುವ ಅಭ್ಯಾಸ ಇದು: ಸೂತ್ರಗಳನ್ನು ಓದಿ, ಬಳಿಕ ನಿಮ್ಮ ಮನೆಯವರು ನಿಜವಾಗಿ ಬಳಸುವ ಆ್ಯಪ್ ಒಂದನ್ನು ಅವುಗಳ ಎದುರಿಗಿಟ್ಟು ಒಂದೊಂದಾಗಿ ಪರಿಶೀಲಿಸಿ.

ಕ್ರಮಬದ್ಧವಾಗಿ ಓದುವ ದಾರಿಯನ್ನೂ ವಿಚಾರಿಸಿದ್ದೆ. ಮುಂಬೈ ಐಐಟಿಯ ವಿನ್ಯಾಸ ವಿಭಾಗವಾದ ಐಡಿಸಿ 1969ರಿಂದ ವಿನ್ಯಾಸ ಕಲಿಸುತ್ತಿದೆ. ಅಲ್ಲಿಗೂ ಇತರ ಹಲವು ಐಐಟಿಗಳಿಗೂ ಸೀಡ್ ಪರೀಕ್ಷೆಯ ಮೂಲಕ ಪ್ರವೇಶ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬೆಂಗಳೂರಿನಲ್ಲಿಯೂ ಕ್ಯಾಂಪಸ್ ಇದ್ದು, ಅದಕ್ಕೆ ತನ್ನದೇ ಪ್ರವೇಶ ಪರೀಕ್ಷೆಯಿದೆ. ಎಂಜಿನಿಯರಿಂಗ್ ಮುಗಿಸಿದವರು ಎರಡನ್ನೂ ಬರೆಯಬಹುದು. ಕೆಲಸ ಬಿಟ್ಟು ಓದಲು ಮನೆಯ ಪರಿಸ್ಥಿತಿ ಅನುವು ಮಾಡಿಕೊಡದ ಕಾರಣ ನಾನು ಆ ದಾರಿ ಹಿಡಿಯಲಿಲ್ಲ. ಅನುಕೂಲವಿರುವವರು ಖಂಡಿತ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಓದಿನ ಅವಧಿಯುದ್ದಕ್ಕೂ ಸಹಪಾಠಿಗಳೂ ಗುರುಗಳೂ ನಿಮ್ಮ ಕೆಲಸವನ್ನು ದಿನವೂ ವಿಮರ್ಶಿಸುತ್ತಾರೆ, ಅದು ಆನ್‌ಲೈನ್ ಕೋರ್ಸಿನಲ್ಲಿ ಸಿಗುವುದಿಲ್ಲ. ಗೂಗಲ್ 2021ರಲ್ಲಿ ಕೋರ್ಸೆರಾ ಜಾಲತಾಣದಲ್ಲಿ ಆರಂಭಿಸಿದ ಪ್ರಮಾಣಪತ್ರದಂಥ ಕೋರ್ಸುಗಳು ಪರಿಭಾಷೆ ಮತ್ತು ಕ್ರಮವನ್ನು ಕಲಿಸಲು ಸಾಕು. ಆ ಪ್ರಮಾಣಪತ್ರ ನೋಡಿ ಕೆಲಸ ಕೊಟ್ಟವರನ್ನು ಮಾತ್ರ ನಾನು ಕಂಡಿಲ್ಲ. ಲಕ್ಷಗಟ್ಟಲೆ ಶುಲ್ಕ ಕೇಳಿ ‘ಕೆಲಸ ಖಚಿತ’ ಎನ್ನುವ ಅಲ್ಪಾವಧಿಯ ತರಬೇತಿಗಳಾದ ಬೂಟ್‌ಕ್ಯಾಂಪುಗಳ ಬಗ್ಗೆ ನನ್ನ ಸಲಹೆ, ಅಲ್ಲಿ ಕಲಿತವರು ತಾವು ಮಾಡಿದ ಕೆಲಸಗಳನ್ನು ಜೋಡಿಸಿಟ್ಟ ಪೋರ್ಟ್‌ಫೋಲಿಯೊಗಳನ್ನು ಮೊದಲು ನೋಡಿ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದಂತಿದ್ದರೆ ಹಣ ಕಟ್ಟಬೇಡಿ ಎನ್ನುವುದು.

ಸಾಧನಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಫಿಗ್ಮಾ ಬ್ರೌಸರಿನಲ್ಲಿಯೇ ನಡೆಯುತ್ತದೆ, ಕಲಿಯುವವರಿಗೆ ಉಚಿತ ಆವೃತ್ತಿ ಸಾಕು, ಸಾಧಾರಣ ಲ್ಯಾಪ್‌ಟಾಪ್ ಇದ್ದರೂ ಆದೀತು. ಶ್ರದ್ಧೆಯಿಂದ ಕೂತರೆ ಕೆಲವು ವಾರಗಳಲ್ಲಿ ಕೈಹಿಡಿಯುತ್ತದೆ. ಅದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವೆಬ್ ಪುಟ ಕಟ್ಟುವ ಭಾಷೆಗಳಾದ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್‌ನ ಸ್ವಲ್ಪ ಪರಿಚಯ. ಯಾವುದು ಸುಲಭವಾಗಿ ಕಟ್ಟಬಹುದಾದದ್ದು, ಯಾವುದು ಎಂಜಿನಿಯರರ ಎರಡು ವಾರ ತಿನ್ನುವಂಥದ್ದು ಎಂದು ತಿಳಿದಿದ್ದರೆ ಸಭೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ಪೋರ್ಟ್‌ಫೋಲಿಯೊ ಸಿದ್ಧಪಡಿಸಿದ್ದು ಈ ಇಡೀ ದಾರಿಯಲ್ಲಿ ನಾನು ಅತಿ ಹೆಚ್ಚು ಶ್ರಮಪಟ್ಟ ಕೆಲಸ. ಹೊಸಬರ ಪೋರ್ಟ್‌ಫೋಲಿಯೊಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೆಸರಾಂತ ಆ್ಯಪ್ ಒಂದರ ‘ಮರುವಿನ್ಯಾಸ’: ಯಾರೂ ಕೇಳಿರದ ಸಮಸ್ಯೆ, ಕಾಲ್ಪನಿಕ ಬಳಕೆದಾರರ ನಗುಮುಖದ ಫೋಟೊ, ಸುಂದರವಾದ ಪರದೆಗಳು. ಅವುಗಳಲ್ಲಿ ನಿರ್ಧಾರಗಳು ಕಾಣುವುದಿಲ್ಲ. ಗಣಿತದ ಉತ್ತರಪತ್ರಿಕೆಯಲ್ಲಿ ಉತ್ತರಕ್ಕಿಂತ ಹಂತಗಳಿಗೆ ಹೆಚ್ಚು ಅಂಕ ಇರುವಂತೆ, ಇಲ್ಲಿಯೂ ಓದುವವರು ಹುಡುಕುವುದು ಹಂತಗಳನ್ನೇ. ನಾನು ಪಿಗ್ಮಿಯ ಪ್ರಕರಣವನ್ನು ಮುಂದಿಟ್ಟೆ: ದೂರುಗಳ ವಿಂಗಡಣೆ, ಮಾರುಕಟ್ಟೆಯಲ್ಲಿ ಕಂಡದ್ದು, ತಿರಸ್ಕರಿಸಿದ ಪರಿಹಾರ ಮತ್ತು ತಿರಸ್ಕಾರಕ್ಕೆ ಕಾರಣ, ಒಪ್ಪಿದ ಪರಿಹಾರ, ಆಮೇಲೂ ಬಗೆಹರಿಯದೆ ಉಳಿದದ್ದು. ಕಂಪನಿಯ ನಿಜವಾದ ಪರದೆಗಳನ್ನೂ ಗ್ರಾಹಕರ ಮಾಹಿತಿಯನ್ನೂ ಹೊರಗೆ ತೋರಿಸುವಂತಿರಲಿಲ್ಲವಾದ್ದರಿಂದ, ವ್ಯವಸ್ಥಾಪಕರ ಲಿಖಿತ ಒಪ್ಪಿಗೆ ಪಡೆದು, ಕಲ್ಪಿತ ಹೆಸರುಗಳೊಂದಿಗೆ ಎಲ್ಲವನ್ನೂ ಹೊಸದಾಗಿ ಬಿಡಿಸಿದೆ. ಉದ್ಯೋಗದಲ್ಲಿದ್ದು ಈ ಕಡೆಗೆ ಬರುವವರು ಈ ಒಪ್ಪಿಗೆಯ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು. ಹಿಂದಿನ ಕಂಪನಿಯ ಗುಟ್ಟನ್ನು ಬಿಚ್ಚಿಡುವ ಅಭ್ಯರ್ಥಿಯನ್ನು ಮುಂದಿನ ಕಂಪನಿಯೂ ನಂಬುವುದಿಲ್ಲ.

ಸಂದರ್ಶನಗಳಲ್ಲಿ ತಿರಸ್ಕಾರಗಳು ಧಾರಾಳವಾಗಿ ಸಿಕ್ಕವು. ವಿನ್ಯಾಸದ ಪದವಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ನೋಡದೆ ಬಿಟ್ಟವರಿದ್ದಾರೆ. ಮನೆಯಲ್ಲಿ ಮಾಡಿ ಕೊಡಿ ಎಂದು ಒಂದು ವಾರದ ಕೆಲಸವನ್ನು ಪುಕ್ಕಟೆ ಮಾಡಿಸಿಕೊಂಡು ಉತ್ತರವನ್ನೇ ಕೊಡದ ಸಂಸ್ಥೆಯೂ ಇತ್ತು. ಆಮೇಲಿಂದ ನಾನು ಅಂಥ ಕೆಲಸಕ್ಕೆ ಸಮಯದ ಮಿತಿಯನ್ನು ಮೊದಲೇ ಕೇಳತೊಡಗಿದೆ. ಬಿಳಿಹಲಗೆಯ ಸುತ್ತು ಹೆಚ್ಚಿನವರಿಗೆ ಭಯ ಹುಟ್ಟಿಸುತ್ತದೆ: ‘ಕುರುಡರಿಗಾಗಿ ಲಿಫ್ಟ್ ವಿನ್ಯಾಸ ಮಾಡಿ’ ಎನ್ನುವಂಥ ಪ್ರಶ್ನೆ ಕೊಟ್ಟು ಮುಕ್ಕಾಲು ಗಂಟೆ ಬಿಡುತ್ತಾರೆ. ಅಲ್ಲಿ ತಕ್ಷಣ ಮಾರ್ಕರ್ ಹಿಡಿದು ಚೌಕಗಳನ್ನು ಎಳೆಯುವವರಿಗಿಂತ, ಯಾವ ಕಟ್ಟಡ, ಎಷ್ಟು ಮಹಡಿ, ಜೊತೆಗೆ ಯಾರಾದರೂ ಇರುತ್ತಾರೆಯೇ, ಬ್ರೈಲ್ ಓದಬಲ್ಲವರೇ ಎಂದು ಕೇಳುತ್ತ ಸಮಸ್ಯೆಯನ್ನು ಕಿರಿದಾಗಿಸುವವರು ಗೆಲ್ಲುತ್ತಾರೆ. ಸಹಾಯವಾಣಿಯಲ್ಲಿ ದಿನವಿಡೀ ಪ್ರಶ್ನೆ ಕೇಳಿಯೇ ಸಮಸ್ಯೆ ಹಿಡಿಯುತ್ತಿದ್ದ ನನಗೆ ಆ ಸುತ್ತು ಸುಲಭವೆನಿಸಿತು. ಕೊನೆಗೆ ನನ್ನನ್ನು ತೆಗೆದುಕೊಂಡದ್ದು ರೈತರಿಗೆ ಸಾಲದ ಅರ್ಜಿಯನ್ನು ಮೊಬೈಲಿನಲ್ಲಿ ಸಲ್ಲಿಸುವ ವ್ಯವಸ್ಥೆ ಕಟ್ಟುತ್ತಿದ್ದ ಒಂದು ತಂಡ. ಸಂಘಗಳ ಒಳಗಿನ ವ್ಯವಹಾರ ಗೊತ್ತಿದ್ದ ವಿನ್ಯಾಸಕರು ಅವರಿಗೆ ಬೇರೆ ಸಿಕ್ಕಿರಲಿಲ್ಲ.

ಅಲ್ಲಿ ನಾನು ನಿಜವಾಗಿ ಕಲಿತದ್ದು ಜನರನ್ನು ನೋಡುವ ಕ್ರಮ. ಬಳಕೆಯ ಪರೀಕ್ಷೆ ಎಂದರೆ ಒಬ್ಬರಿಗೆ ಒಂದು ಕೆಲಸ ಕೊಟ್ಟು, ಮನಸ್ಸಿಗೆ ಬಂದುದನ್ನು ಹೇಳುತ್ತಾ ಮಾಡಿ ಎಂದು ಕೋರಿ, ಸುಮ್ಮನೆ ಪಕ್ಕದಲ್ಲಿ ಕೂರುವುದು. ಪಠ್ಯದಲ್ಲಿ ಇದು ಸರಳ. ನಮ್ಮ ಹಳ್ಳಿಗಳಲ್ಲಿ ಮಾತ್ರ ಮನೆಗೆ ಬಂದವರು ತೋರಿಸಿದ್ದನ್ನು ಚೆನ್ನಾಗಿಲ್ಲ ಎನ್ನುವುದು ಸೌಜನ್ಯವಲ್ಲ. ‘ಹೇಗಿದೆ?’ ಎಂದರೆ ‘ಭಾಳ ಚಲೋ ಐತ್ರಿ’ ಎಂಬ ಉತ್ತರವೂ ಒಂದು ಲೋಟ ಚಹಾವೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಅಭಿಪ್ರಾಯ ಕೇಳುವುದನ್ನು ನಾನು ಬಿಟ್ಟೆ. ‘ಇದನ್ನು ನಾನು ಮಾಡಿದ್ದಲ್ಲ, ಎಲ್ಲಿ ತೊಂದರೆಯಿದೆ ಎಂದು ಹುಡುಕಲು ನನ್ನನ್ನು ಕಳಿಸಿದ್ದಾರೆ’ ಎಂದು ಆರಂಭಿಸುತ್ತೇನೆ. ‘ಕಳೆದ ಸಲ ಸಾಲಕ್ಕೆ ಅರ್ಜಿ ಹಾಕಿದಾಗ ಯಾರ ಹತ್ತಿರ ಹೋದಿರಿ, ಅವರು ಏನೇನು ಕೇಳಿದರು’ ಎಂದು ನಡೆದುದನ್ನೇ ಕೇಳುತ್ತೇನೆ. ಇನ್ನೊಂದು ತೊಡಕು, ಫೋನು ಕೈಯಿಂದ ಕೈಗೆ ಹೋಗುವುದು. ಎರಡನೆಯ ಪರದೆಗೆ ಬರುವಷ್ಟರಲ್ಲಿ ಮೊಮ್ಮಗ ಫೋನು ಇಸಿದುಕೊಂಡು ತಾನೇ ತುಂಬಿಬಿಡುತ್ತಾನೆ. ಆರಂಭದಲ್ಲಿ ಇದನ್ನು ಪರೀಕ್ಷೆಗೆ ಬಂದ ಅಡ್ಡಿ ಎಂದು ತಂಡದವರು ಭಾವಿಸಿದ್ದರು; ವಾಸ್ತವದಲ್ಲಿ ಆ್ಯಪ್ ಬಳಕೆಯಾಗುವ ರೀತಿಯೇ ಅದಾಗಿತ್ತು. ಅರ್ಜಿದಾರರು ಒಬ್ಬರು, ತುಂಬುವವರು ಇನ್ನೊಬ್ಬರು, ಹಲವು ಸಲ ಆ ಇನ್ನೊಬ್ಬರು ಗ್ರಾಮ ಒನ್ ಕೇಂದ್ರದವರು ಅಥವಾ ಜೆರಾಕ್ಸ್ ಅಂಗಡಿಯವರು ಎಂದು ಒಪ್ಪಿಕೊಂಡ ಮೇಲೆಯೇ ನಮ್ಮ ವಿನ್ಯಾಸ ದಾರಿಗೆ ಬಂತು.

ಇದರ ತೀವ್ರತೆ ಕಂಡದ್ದು ಹಿರಿಯೂರಿನ ಕಡೆಯ ಹಳ್ಳಿಯೊಂದರಲ್ಲಿ. ಐವತ್ತು ದಾಟಿದ ರೈತ ಮಹಿಳೆಯೊಬ್ಬರು ಅರ್ಜಿಯ ಮೊದಲ ಪುಟವನ್ನು ನಿಧಾನವಾಗಿಯಾದರೂ ತಾವೇ ತುಂಬಿದರು. ಒಟಿಪಿ ಹಂತ ಬಂದಾಗ ಅವರ ಫೋನಿಗೆ ಏನೂ ಬರಲಿಲ್ಲ. ಆಧಾರ್‌ಗೆ ಜೋಡಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ಮಗನ ಸಂಖ್ಯೆ. ಅದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತಾಯಿತು, ಏಕೆಂದರೆ ಪರದೆ ‘ನಿಮ್ಮ ನೋಂದಾಯಿತ ಸಂಖ್ಯೆಗೆ ಕಳುಹಿಸಲಾಗಿದೆ’ ಎಂದಷ್ಟೇ ಹೇಳುತ್ತಿತ್ತು. ಮಗನಿಗೆ ಕರೆ ಮಾಡಿದರು, ಅವನು ಯಂತ್ರದ ಸದ್ದಿನ ನಡುವೆ ಆರು ಅಂಕಿಗಳನ್ನು ಹೇಳಿದ, ಅವರು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡರು. ಕರೆ ಮುಗಿಸಿ ಆ್ಯಪ್‌ಗೆ ಹಿಂತಿರುಗಿದಾಗ ಅವಧಿ ಮುಗಿದಿತ್ತು, ಪುಟವೂ ಖಾಲಿಯಾಗಿ ಮೊದಲಿನಿಂದ ಆರಂಭವಾಗಿತ್ತು. ಅವರು ಬೇಸರಿಸಲಿಲ್ಲ; ‘ನಮಗ ಇವೆಲ್ಲ ಬರಂಗಿಲ್ಲ ಬಿಡ್ರಿ’ ಎಂದು ಫೋನನ್ನು ಪಕ್ಕಕ್ಕಿಟ್ಟರು.

ಕಚೇರಿಗೆ ಬಂದು ನಾನು ಮಂಡಿಸಿದ ಬದಲಾವಣೆಗಳಲ್ಲಿ ಕೆಲವು ಕೂಡಲೇ ಒಪ್ಪಿತವಾದವು: ಆ್ಯಪ್ ಬಿಟ್ಟು ಹೋಗಿ ಬಂದರೂ ತುಂಬಿದ್ದು ಹಾಗೆಯೇ ಇರುವುದು, ಒಟಿಪಿ ಹೋದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ತೋರಿಸುವುದು. ಆ ನಾಲ್ಕು ಅಂಕಿ ಕಂಡರೆ ‘ಇದು ಮಗನ ನಂಬರು’ ಎಂದು ಮನೆಯವರಿಗೆ ಥಟ್ಟನೆ ತಿಳಿಯುತ್ತದೆ. ಅವಧಿಯನ್ನು ಹೆಚ್ಚಿಸುವ ವಿಚಾರದಲ್ಲಿ ಭದ್ರತಾ ತಂಡ ಗಟ್ಟಿಯಾಗಿ ವಿರೋಧಿಸಿತು. ಅವರ ಆಕ್ಷೇಪ ಸುಳ್ಳಲ್ಲ: ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ದಿನವೂ ಎಚ್ಚರಿಸುತ್ತಿರುವಾಗ, ಫೋನಿನಲ್ಲಿ ಹೇಳಿಸಿಕೊಳ್ಳಲು ಅನುಕೂಲ ಮಾಡಿಕೊಡುವುದು ವಂಚಕರಿಗೂ ಅನುಕೂಲವೇ. ಹಗ್ಗಜಗ್ಗಾಟದ ಬಳಿಕ ಅವಧಿಯನ್ನು ಮಿತವಾಗಿ ಹೆಚ್ಚಿಸಿ, ಯಾವ ಕೆಲಸಕ್ಕಾಗಿ ಈ ಸಂಖ್ಯೆ ಬಂದಿದೆ ಎಂಬುದನ್ನು ಸಂದೇಶದಲ್ಲಿಯೇ ಕನ್ನಡದಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಈ ವೃತ್ತಿಯಲ್ಲಿ ಪೂರ್ಣ ಗೆಲುವು ಅಪರೂಪ.

ಹುಟ್ಟಿದ ದಿನಾಂಕದ ಕ್ಯಾಲೆಂಡರ್ ಪಟ್ಟಿಯನ್ನು ತೆಗೆಸಿದ್ದೂ ಅದೇ ಸುತ್ತಾಟದ ಫಲ. 1964ರಲ್ಲಿ ಹುಟ್ಟಿದವರು ತಿಂಗಳು ತಿಂಗಳಾಗಿ ಹಿಂದಕ್ಕೆ ಒತ್ತುತ್ತಾ ಹೋಗುವುದನ್ನು ಒಮ್ಮೆ ನೋಡಿದರೆ ಸಾಕು, ದಿನ, ತಿಂಗಳು, ವರ್ಷಗಳಿಗೆ ಬೇರೆ ಬೇರೆ ಖಾನೆ ಕೊಟ್ಟುಬಿಡುತ್ತೀರಿ. (ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ನಮ್ಮಲ್ಲಿ ಎಷ್ಟು ಜನರ ಹುಟ್ಟುಹಬ್ಬವೆಂಬುದನ್ನು ಇಂಥ ಅರ್ಜಿ ನೋಡಿದವರೆಲ್ಲರೂ ಬಲ್ಲರು.)

ಎಷ್ಟು ಜನರನ್ನು ನೋಡಿದರೆ ಸಾಕು ಎಂಬ ಪ್ರಶ್ನೆಗೆ ಐವರು ಎಂಬ ಉತ್ತರ ಪ್ರಸಿದ್ಧವಾಗಿದೆ. ಒಬ್ಬ ಬಳಕೆದಾರರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಬಯಲಾಗುತ್ತವೆ ಎಂಬ ನೀಲ್ಸನ್ ಮತ್ತು ಲ್ಯಾಂಡವರ್ ಅವರ 1993ರ ಲೆಕ್ಕದ ಪ್ರಕಾರ, ಐವರಿಂದ ಸುಮಾರು ಶೇ 85ರಷ್ಟು ಬಯಲಾಗಬೇಕು. ಬಳಸುವವರೆಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯವರಾಗಿದ್ದಾಗ ಈ ಲೆಕ್ಕ ನಿಲ್ಲುತ್ತದೆ. ಸ್ವತಃ ತುಂಬುವ ಯುವಕರು, ಬೇರೆಯವರಿಂದ ತುಂಬಿಸುವ ಹಿರಿಯರು, ದಿನಕ್ಕೆ ಹತ್ತಾರು ಅರ್ಜಿ ತುಂಬುವ ಅಂಗಡಿಯವರು ಮೂರು ಬೇರೆ ಬಗೆ; ಪ್ರತಿ ಬಗೆಗೂ ಐವರು ಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ.

ಕನ್ನಡದ ಪರದೆಗಳಿಗೆ ವಿನ್ಯಾಸ ಮಾಡುವವರು ಎದುರಿಸಬೇಕಾದ ಒಂದು ಸಂಗತಿಯನ್ನು ಇಂಗ್ಲಿಷಿನ ಯಾವ ಕೋರ್ಸೂ ಹೇಳಿಕೊಡುವುದಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಬಿಗಿಯಾಗಿ ಅಳೆದ ಗುಂಡಿಯಲ್ಲಿ ‘ಸಲ್ಲಿಸಿ’ ಎಂದು ಬರೆದರೆ ಕೆಳಗಿನ ಒತ್ತು ಅಂಚಿಗೆ ತಾಗಿ ಕತ್ತರಿಸಿ ಹೋಗುತ್ತದೆ. ‘ಖಾತೆ ಸಂಖ್ಯೆ’ಯ ಕೆಳಗೂ ಅದೇ ಕಥೆ. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡದಿರುವುದು, ಗುಂಡಿಗಳಿಗೆ ನಿಗದಿತ ಎತ್ತರದ ಬದಲು ಒಳ ಅಂತರ ಕೊಡುವುದು, ಇಂಗ್ಲಿಷ್ ಪದಕ್ಕಿಂತ ಕನ್ನಡ ಪದ ಉದ್ದವಾಗುತ್ತದೆಂದು ಮೊದಲೇ ಜಾಗ ಬಿಡುವುದು ನನ್ನ ಕಾಯಂ ನಿಯಮಗಳು. ದೊಡ್ಡಕ್ಷರಗಳಿಲ್ಲದ ಲಿಪಿಯಲ್ಲಿ ಶೀರ್ಷಿಕೆಗೆ ಒತ್ತು ಕೊಡಲು ತೂಕ ಮತ್ತು ಗಾತ್ರವನ್ನೇ ನಂಬಬೇಕು. ನಾನು ಮೊದಲ ಪರದೆಯನ್ನು ಕನ್ನಡದಲ್ಲಿಯೇ ಜೋಡಿಸುತ್ತೇನೆ. ಕನ್ನಡ ಹಿಡಿಸುವ ಚೌಕಟ್ಟಿನಲ್ಲಿ ಇಂಗ್ಲಿಷ್ ತಾನಾಗಿ ಹಿಡಿಸುತ್ತದೆ, ಅದರ ತಿರುಗುಮುರುಗು ನಡೆಯುವುದಿಲ್ಲ.

ಬಣ್ಣದ ಬಗ್ಗೆ ವಾದ ಬಂದಾಗ ಅಂಕಿ ಮುಂದಿಡುವುದು ಒಳ್ಳೆಯದು. ಅಂತರಜಾಲದ ಸುಗಮ್ಯತೆಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸವಿರಬೇಕೆನ್ನುತ್ತದೆ. ಬಿಳಿಯ ಮೇಲೆ #999999 ಸಂಕೇತದ ಬೂದು 2.85ಕ್ಕೇ ನಿಲ್ಲುತ್ತದೆ, #767676 ಬೂದು 4.54 ಮುಟ್ಟುತ್ತದೆ. ‘ತೆಳು ಬೂದು ಚೆಂದ ಕಾಣುತ್ತದೆ’ ಎನ್ನುವ ವ್ಯವಸ್ಥಾಪಕರಿಗೆ ಫೋನನ್ನು ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸಿದರೆ ಅಂಕಿಯೂ ಬೇಕಾಗುವುದಿಲ್ಲ.

ಇನ್ನು ಈ ವೃತ್ತಿಯ ಇಕ್ಕಟ್ಟು. ಒಮ್ಮೆ ಸಾಲದ ಅರ್ಜಿಯ ಜೊತೆ ಐಚ್ಛಿಕ ವಿಮೆಯೊಂದನ್ನು ಮೊದಲೇ ಟಿಕ್ ಮಾಡಿದ ಸ್ಥಿತಿಯಲ್ಲಿ ಇಡಬೇಕೆಂಬ ಒತ್ತಾಯ ಬಂತು. ನೋಡದೆ ಮುಂದೆ ಹೋಗುವವರಿಂದ ಆದಾಯ ಬರುತ್ತದೆಂಬುದೇ ಅದರ ತರ್ಕ. ನಾನು ಒಪ್ಪಲಿಲ್ಲ, ವಿಷಯ ಕೆಲವು ವಾರ ನನೆಗುದಿಗೆ ಬಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳಾದ ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದೂ ಸೇರಿದಂತೆ 13 ಬಗೆಗಳನ್ನು ಹೆಸರಿಸಿದ ಮೇಲೆ ಇಂಥ ವಾದಗಳಲ್ಲಿ ವಿನ್ಯಾಸಕರಿಗೆ ಕಾನೂನಿನ ಬೆನ್ನಾಸರೆ ಸಿಕ್ಕಿದೆ. ನೀತಿಯ ಮಾತಿಗೆ ತಲೆದೂಗಿ ಸುಮ್ಮನಾಗುವವರು ದಂಡದ ಮಾತಿಗೆ ಎದ್ದು ಕೂರುತ್ತಾರೆ ಎಂಬುದನ್ನು ನಾನು ವಿಷಾದವಿಲ್ಲದೆ ಬಳಸಿಕೊಳ್ಳುತ್ತೇನೆ.

ಈಚೆಗೆ ಎಐ ಸಾಧನಗಳು ಒಂದು ವಾಕ್ಯ ಕೊಟ್ಟರೆ ಇಡೀ ಪರದೆಯನ್ನೇ ಕಟ್ಟಿಕೊಡುತ್ತವೆ. ಕರಡು ತಯಾರಿಸಲು, ಸಂದರ್ಶನಗಳ ಟಿಪ್ಪಣಿಯನ್ನು ವಿಂಗಡಿಸಲು ನಾನೂ ಅವನ್ನು ಬಳಸುತ್ತೇನೆ. ಪರದೆ ಬಿಡಿಸುವುದನ್ನಷ್ಟೇ ಕಲಿತವರಿಗೆ ಕೆಲಸ ಸಿಗುವುದು ಕಷ್ಟವಾಗುತ್ತಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಹಾಯವಾಣಿ, ಶಿಕ್ಷಣ, ನರ್ಸಿಂಗ್, ಬ್ಯಾಂಕಿನ ಕೌಂಟರು ಇಂಥ ಕಡೆಯಿಂದ ಬರುವವರ ಅರ್ಜಿಯನ್ನು ನಾನು ಈಗ ಹೆಚ್ಚು ಗಮನವಿಟ್ಟು ಓದುತ್ತೇನೆ. ಹೊಸಬರನ್ನು ಆರಿಸುವಾಗ ಅವರಿಗೆ ಕೊಡುವ ಪರೀಕ್ಷೆಯೂ ಅದಕ್ಕೆ ತಕ್ಕದ್ದು. ಕಚೇರಿಯ ಕೆಳಗಿನ ಅಂಗಡಿಗೆ ಹೋಗಿ, ಅಂಗಡಿಯವರು ಹಣ ಬಂದದ್ದನ್ನು ಹೇಗೆ ಖಾತರಿ ಮಾಡಿಕೊಳ್ಳುತ್ತಾರೆ ಎಂದು ಅರ್ಧ ಗಂಟೆ ನೋಡಿ ಬಂದು ಹೇಳಿ ಎನ್ನುತ್ತೇನೆ. ಹಣ ಬಂದದ್ದನ್ನು ಕೂಗಿ ಹೇಳುವ ಧ್ವನಿಪೆಟ್ಟಿಗೆ ಇದೆ ಎಂದಷ್ಟೇ ಹೇಳುವವರಿದ್ದಾರೆ. ಗದ್ದಲದಲ್ಲಿ ಧ್ವನಿ ಕೇಳದಿದ್ದಾಗ ಅವರು ಗ್ರಾಹಕರ ಫೋನಿನ ಪರದೆಯಲ್ಲಿ ಹೆಸರನ್ನು ನೋಡುತ್ತಾರೋ ಮೊತ್ತವನ್ನು ನೋಡುತ್ತಾರೋ ಎಂದು ಗಮನಿಸಿ ಬಂದವರೂ ಇದ್ದಾರೆ; ನಾವು ಮಾತು ಮುಂದುವರಿಸುವುದು ಅವರೊಂದಿಗೆ.

ಕೆಲಸದ ಕರೆ ಬಂದವರು ಒಪ್ಪಿಕೊಳ್ಳುವ ಮೊದಲು ತಾವೂ ಕೆಲವನ್ನು ವಿಚಾರಿಸಬೇಕು. ವಿನ್ಯಾಸಕರು ಬಳಕೆದಾರರನ್ನು ನೇರವಾಗಿ ಭೇಟಿಯಾಗಲು ಅವಕಾಶವಿದೆಯೇ, ಅದಕ್ಕೆ ಪ್ರಯಾಣದ ಖರ್ಚನ್ನು ಕೊಡುತ್ತಾರೆಯೇ. ಪರೀಕ್ಷೆಯಲ್ಲಿ ಕಂಡದ್ದರಿಂದ ಕಳೆದ ವರ್ಷ ಯಾವುದಾದರೂ ನಿರ್ಧಾರ ಬದಲಾಗಿದೆಯೇ, ಆಗಿದ್ದರೆ ಯಾವುದು. ವಿನ್ಯಾಸಕರು ವರದಿ ಮಾಡಿಕೊಳ್ಳುವುದು ಯಾರಿಗೆ, ಮಾರಾಟದ ಮುಖ್ಯಸ್ಥರಿಗೋ ಉತ್ಪನ್ನದ ಮುಖ್ಯಸ್ಥರಿಗೋ. ಎರಡನೆಯ ಪ್ರಶ್ನೆಗೆ ಸಂದರ್ಶಕರು ಒಂದು ಉದಾಹರಣೆಯನ್ನೂ ಹೇಳಲಾಗದೆ ತಡವರಿಸಿದರೆ, ಅಲ್ಲಿ ನಿಮಗೆ ಸಿಗುವುದು ಪರದೆಗೆ ಬಣ್ಣ ಬಳಿಯುವ ಕೆಲಸ. ಸಂಬಳ ಎಷ್ಟೇ ಇರಲಿ, ಆ ಲೆಕ್ಕದಲ್ಲಿಯೇ ಒಪ್ಪಿಕೊಳ್ಳಿ ಅಥವಾ ಬಿಡಿ.